ತಾತ ಕೇಳಿದ ಪ್ರಶ್ನೆ

ಹೊಸದಾಗಿ ಕನ್ನಡ ಮೇಷ್ಟ್ರ ಕೆಲಸಕ್ಕೆ ಸೇರಿದ ನಾಲ್ಕೈದು ಮಂದಿ ಹೋದ ತಿಂಗಳು ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಾಕೆ ಮಾತಿನ ನಡುವೆ, "ಸರ್, ಕಾದಂಬರಿ ಪಾಠ ಮಾಡೋವಾಗ ಅದರ ನೀತೀನ ಮೊದಲೇ ಹೇಳ್ಬೇಕಾ, ಕೊನೇಲಿ ಹೇಳ್ಬೇಕಾ?" ಎಂದು ಕೇಳಿದಳು. ಕಾಫಿ ಕುಡಿದು ಅವರು ಹೊರಟುಹೋದರು, ಪ್ರಶ್ನೆ ಮನೆಯಲ್ಲೇ ಉಳಿಯಿತು. ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿಗೆ ಸೇರಿದೆ. ನನ್ನ ಊರು ಸಾಸಲಿನ ಕಡೆ. ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಚಳಿಗಾಲದಲ್ಲಿ ರಾಗಿಯ ಹೊಲಗಳ ಮೇಲೆ ಮಂಜು ಕವಿದು, ಬಸ್ಸು ನೆಲ ಬಿಟ್ಟು ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ದೊಡ್ಡಬಳ್ಳಾಪುರ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಸಿಗುತ್ತಿತ್ತು. ಪವರ್‌ಲೂಮುಗಳ ಸದ್ದು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆದು ಹೋಗುವಾಗ ಚರಂಡಿಯಲ್ಲಿ ಬಣ್ಣದ ನೀರು ಹರಿಯುತ್ತಿತ್ತು. ಒಂದು ದಿನ ಗುಲಾಬಿ, ಇನ್ನೊಂದು ದಿನ ಎಲೆಹಸಿರು, ಮತ್ತೊಂದು ದಿನ ನವಿಲುಗರಿಯ ನೀಲಿ. ಆ ವಾರ ಊರು ಯಾವ ಸೀರೆ ನೇಯುತ್ತಿದೆ ಎಂಬುದನ್ನು ಚರಂಡಿ ನೋಡಿಯೇ ಹೇಳಬಹುದಿತ್ತು.

ಶಾಲೆಯ ಮೂರು ಕಡೆಗೂ ಮಗ್ಗದ ಮನೆಗಳು. ಮೊದಲ ವಾರ ಆ ಸದ್ದನ್ನು ಮೀರಿಸಲು ಹೋಗಿ ನನ್ನ ಗಂಟಲು ಕಟ್ಟಿತು. ಮೂರನೇ ತಿಂಗಳಿಗೆ, ನನಗೇ ತಿಳಿಯದ ಹಾಗೆ, ನನ್ನ ಓದು ಮಗ್ಗದ ತಾಳಕ್ಕೆ ಹೊಂದಿಕೊಂಡಿತು. ಲಾಳಿ ನಾಲ್ಕೈದು ಸಲ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ನನ್ನದೊಂದು ವಾಕ್ಯ ಮುಗಿಯುತ್ತಿತ್ತು. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಮಕ್ಕಳು ಅರೆಗಣ್ಣು ಮಾಡಿ ಕೂತಿರುತ್ತಿದ್ದರು. ಕಿಟಕಿಯ ಬಿಸಿಲಲ್ಲಿ ನೂಲಿನ ಧೂಳು ಆಡುತ್ತಿತ್ತು. ಪಾಠ ಮಾಡುತ್ತಿರುವವನು ನಾನೋ, ಆ ಸದ್ದೋ ಎಂದು ಎಷ್ಟೋ ಸಲ ಗೊಂದಲವಾಗುತ್ತಿತ್ತು.

ಒಂಬತ್ತನೇ ತರಗತಿಗೆ ಉಪಪಠ್ಯವಾಗಿ ಒಂದು ಹಳೆಯ ಕಾದಂಬರಿ ಇತ್ತು. ನಾವೆಲ್ಲ ಅದನ್ನು ನಾನ್‌ಡೀಟೇಲ್ ಎನ್ನುತ್ತಿದ್ದೆವು. ಕಥೆ ಸಣ್ಣದು. ಒಂದು ಹಳ್ಳಿಗೆ ವರ್ಷಕ್ಕೊಮ್ಮೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಬರುತ್ತಾನೆ. ದೊಡ್ಡಮನೆಯ ಮೊಮ್ಮಗಳು, ಎಂಟು ವರ್ಷದ ಪುಟ್ಟಿ, ಅವನು ತಿದಿ ಒತ್ತುವುದನ್ನೂ ಕಪ್ಪಾದ ಪಾತ್ರೆ ಕ್ಷಣದಲ್ಲಿ ಬೆಳ್ಳಗಾಗುವುದನ್ನೂ ದಿನವಿಡೀ ನೋಡುತ್ತಾ ಕೂರುತ್ತಾಳೆ. ಒಂದು ವರ್ಷ ಆ ಮನೆಯ ಬೆಳ್ಳಿ ಲೋಟ ಕಾಣೆಯಾಗುತ್ತದೆ. ತಾತ ಊರವರೆದುರು ಮೊಮ್ಮಗಳನ್ನು ನಿಲ್ಲಿಸಿ, ಅವನು ಚೀಲಕ್ಕೆ ಲೋಟ ಹಾಕಿಕೊಂಡದ್ದನ್ನು ನೀನು ನೋಡಿದೆ ತಾನೇ ಎಂದು ಕೇಳುತ್ತಾನೆ. ಮಗು ಹೂಂ ಅನ್ನುತ್ತದೆ. ಕಲಾಯಿಯವನನ್ನು ಹೊಡೆದು ಊರಾಚೆ ಅಟ್ಟುತ್ತಾರೆ. ತಿಂಗಳ ಮೇಲೆ ಲೋಟ ದನದ ಗೋದಲಿಯಲ್ಲಿ ಸಿಗುತ್ತದೆ. ಅವನನ್ನು ಹುಡುಕಲು ಯಾರೂ ಹೋಗುವುದಿಲ್ಲ. ಪುಟ್ಟಿ ದೊಡ್ಡವಳಾದರೂ ಪ್ರತಿ ವರ್ಷ ಆ ಕಾಲ ಬಂದಾಗ ಊರ ಹಾದಿ ನೋಡುತ್ತಾ ನಿಲ್ಲುತ್ತಾಳೆ.

ನಮ್ಮ ಹೆಡ್ ಮಾಸ್ಟರ್ ರುದ್ರಪ್ಪನವರು ಸೇರಿದ ದಿನವೇ ನನಗೆ ಹೇಳಿದ್ದರು: "ನೋಡ್ರೀ ಗಂಗಾಧರಯ್ಯ, ಕಥೆ ಹೇಳ್ಕೊಂಡು ಕೂತ್ಕೋಬೇಡಿ. ನೋಟ್ಸ್ ಕೊಡಿ, ಬಾಯಿಪಾಠ ಮಾಡಿಸಿ, ರಿಸಲ್ಟ್ ತೋರಿಸಿ." ನಾನು ಹಾಗೇ ಮಾಡಿದೆ. 'ಈ ಕಾದಂಬರಿಯಿಂದ ತಿಳಿದುಬರುವ ನೀತಿ' ಎಂದು ತಲೆಬರಹ ಕೊಟ್ಟು, ಮುಗ್ಧತೆಯ ಬಗ್ಗೆ ಐದು ಸಾಲು, ಸಹಾನುಭೂತಿಯ ಬಗ್ಗೆ ಐದು ಸಾಲು ಬರೆಸಿದೆ. ಮಗ್ಗದ ಸದ್ದಿನಲ್ಲಿ ಕೇಳದೆ ಹೋದೀತೆಂದು ಪ್ರತಿ ಮಾತನ್ನೂ ಎರಡೆರಡು ಸಲ ಒತ್ತಿ ಹೇಳಿದೆ.

ಅದರ ಫಲ ಸಬ್ಜೆಕ್ಟ್ ಇನ್‌ಸ್ಪೆಕ್ಟರು ಬಂದ ದಿನ ಗೊತ್ತಾಯಿತು. ಅವರು ಒಬ್ಬಳನ್ನು ಎಬ್ಬಿಸಿ ಕಾದಂಬರಿಯ ನೀತಿ ಏನೆಂದು ಕೇಳಿದರು. ಅವಳು ಕೈಕಟ್ಟಿ, ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಹೇಳಿದಳು: "ಮುಗ್ಧತೆ ಎಂದರೆ ಕಪಟವಿಲ್ಲದಿರುವುದು ಪೂರ್ಣವಿರಾಮ ಮುಗ್ಧತೆಯೇ ದೈವತ್ವ ಪೂರ್ಣವಿರಾಮ ಸಹಾನುಭೂತಿ ಎಂದರೆ ಹೊಸ ಸಾಲು..." ಇನ್‌ಸ್ಪೆಕ್ಟರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಪೂರ್ಣವಿರಾಮ ಚೆನ್ನಾಗಿ ಕಲಿಸಿದೀರಿ ಮೇಷ್ಟ್ರೇ" ಅಂದರು. ನಾನೂ ನಕ್ಕೆ. ಆದರೆ ಮರುವರ್ಷವೂ ಅದೇ ನೋಟ್ಸ್ ಬರೆಸಿದೆ.

ಕರೆಂಟು ಹೋದ ಮಧ್ಯಾಹ್ನಗಳ ಮಾತೇ ಬೇರೆ. ಒಂದೊಂದಾಗಿ ಮಗ್ಗಗಳು ನಿಂತು, ಇಡೀ ಊರು ಯಾರೋ ಕಿವಿಯಲ್ಲಿ ಹತ್ತಿ ಇಟ್ಟ ಹಾಗೆ ಸುಮ್ಮನಾಗುತ್ತಿತ್ತು. ಆಗ ನನ್ನ ಧ್ವನಿ ನನಗೇ ಹೊಸದಾಗಿ ಕೇಳುತ್ತಿತ್ತು. ಒಮ್ಮೆ ಹೀಗೆ ಓದುತ್ತಾ ತಲೆ ಎತ್ತಿ ನೋಡುತ್ತೇನೆ, ಕಿಟಕಿಯಾಚೆ ಏಳೆಂಟು ನೇಕಾರರು ಗೋಡೆಗೆ ಒರಗಿ ಕೂತಿದ್ದಾರೆ. ಮಗ್ಗ ನಿಂತಿತ್ತು, ಕೆಲಸವಿಲ್ಲ, ಕಥೆ ಕೇಳಲು ಬಂದಿದ್ದರು. ತಲೆಗೂದಲಿನಲ್ಲಿ ಬಣ್ಣಬಣ್ಣದ ನೂಲಿನ ಎಳೆಗಳು. ಆಮೇಲೆ ಕರೆಂಟು ಹೋದಾಗಲೆಲ್ಲ ಅವರು ಬರತೊಡಗಿದರು. ಆ ನಿಶ್ಶಬ್ದದಲ್ಲಿ ಓದುವಾಗ, ಶಾಲೆಯ ಹುಣಸೆಮರದ ಕೆಳಗೆ ಕಲಾಯಿಯವನು ಒಲೆ ಹೂಡಿ ಕೂತಿದ್ದಾನೆ, ತಿರುಗಿ ನೋಡಿದರೆ ಎದ್ದುಹೋಗುತ್ತಾನೆ ಎಂಬ ಭ್ರಮೆ ನನಗೆ ಹುಟ್ಟುತ್ತಿತ್ತು. ಆದ್ದರಿಂದ ತಿರುಗುತ್ತಿರಲಿಲ್ಲ.

ಅವರಲ್ಲಿ ಸುಬ್ಬಣ್ಣ ಎಂಬವನು ನನ್ನ ವಿದ್ಯಾರ್ಥಿನಿ ಪದ್ಮಳ ತಂದೆ. ಒಂದು ದಿನ ಅವನು ಕಿಟಕಿಯ ಕಂಬಿ ಹಿಡಿದು ಕೇಳಿದ.

"ಮೇಷ್ಟ್ರೇ, ಆ ಮಗು ಯಾಕೆ ಹೂಂ ಅಂತು?"

"ಮಗು ಅಲ್ವಾ ಸುಬ್ಬಣ್ಣ, ಮುಗ್ಧತೆ," ಎಂದೆ, ನೋಟ್ಸಿನಲ್ಲಿದ್ದ ಹಾಗೆ.

"ಅದಕ್ಕಲ್ಲ ಬಿಡಿ ಸಾ. ತಾತ ಕೇಳಿದ್ದು ಹಂಗಿತ್ತು. ಹಂಗೆ ಕೇಳಿದ್ರೆ ನಾನೂ ಹೂಂ ಅಂತಿದ್ದೆ."

ಸುತ್ತಲಿದ್ದವರು ನಕ್ಕರು. ಅಷ್ಟರಲ್ಲಿ ಕರೆಂಟು ಬಂತು, ಎಲ್ಲರೂ ಎದ್ದು ಓಡಿದರು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಕನ್ನಡದ ದಿನ, ಕೊಠಡಿಯ ಮೇಲ್ವಿಚಾರಣೆ ನನ್ನದೇ ಆಗಿತ್ತು. ಬೆಂಚುಗಳ ನಡುವೆ ನಡೆಯುವಾಗ ಪದ್ಮಳ ಕಾಲ ಬಳಿ ಮಡಿಸಿದ ಚೀಟಿಯೊಂದು ಬಿದ್ದಿತ್ತು. ಬಿಚ್ಚಿ ನೋಡಿದರೆ ನನ್ನದೇ ನೋಟ್ಸು. ಮುಗ್ಧತೆಯ ಐದು ಸಾಲು, ಸಹಾನುಭೂತಿಯ ಐದು ಸಾಲು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ನನ್ನ ಪರೀಕ್ಷೆಯಲ್ಲಿ, ನನ್ನ ಪಾಠವನ್ನೇ ಕಾಪಿ ಹೊಡೆಯುವುದೇ ಎಂದು ಸಿಟ್ಟು ನೆತ್ತಿಗೇರಿತು.

"ನಂದಲ್ಲ ಸಾ," ಅಂದಳು ಪದ್ಮ.

ಅವಳ ಪಕ್ಕ ಕೂತಿದ್ದವಳು ಶೈಲಜ. ಹೆಸರು ಕರೆದರೂ ಬೆಚ್ಚುವಂಥ ಅಂಜುಬುರುಕಿ. ನಾನು ಚೀಟಿಯನ್ನು ಅವಳ ಮುಖಕ್ಕೆ ಹಿಡಿದು, ಇಡೀ ಕೊಠಡಿಗೆ ಕೇಳುವಂತೆ, "ಪದ್ಮಾನೇ ಎಸೆದಿದ್ದು ಅಲ್ವೇನಮ್ಮ? ನೀನು ನೋಡಿದೆ ತಾನೇ?" ಎಂದೆ.

ಅವಳು ನನ್ನ ಮುಖ ನೋಡಿ, "ಹೂಂ ಸಾ," ಅಂದಳು.

ನಾನು ಪದ್ಮಳ ಉತ್ತರ ಪತ್ರಿಕೆ ಕಿತ್ತುಕೊಂಡು, ಚೀಟಿಯ ಜೊತೆ ರುದ್ರಪ್ಪನವರಿಗೆ ಕೊಟ್ಟೆ. ಅವರು ಮರುದಿನ ಪ್ರೇಯರ್‌ನಲ್ಲಿ ಪದ್ಮಳನ್ನು ಎಲ್ಲರೆದುರು ನಿಲ್ಲಿಸಿ, ಅವಳ ಉತ್ತರ ಪತ್ರಿಕೆಯನ್ನು ಎರಡು ಹೋಳಾಗಿ ಹರಿದರು. ಅವಳು ಅಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ನಿಂತಿದ್ದಳು. ಸಾಲಿನಿಂದ ಯಾರೋ ಕಿಸಕ್ಕೆಂದರು. ಅದರ ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಹರಿದ ಹೋಳುಗಳನ್ನೂ ಚೀಟಿಯನ್ನೂ ಫೈಲಿಗೆ ಸೇರಿಸಿ ಎಂದು ರುದ್ರಪ್ಪನವರು ನನ್ನ ಕೈಗೇ ಕೊಟ್ಟಿದ್ದರು. ಉಳಿದ ಪತ್ರಿಕೆಗಳ ಜೊತೆ ಅವೂ ನನ್ನ ಚೀಲದಲ್ಲಿ ಮನೆಗೆ ಬಂದವು. ಭಾನುವಾರ ಬೆಳಗ್ಗೆ ತಿದ್ದಲು ಕೂತಾಗ, ಯಾಕೋ ಆ ಹೋಳುಗಳನ್ನು ಅನ್ನದ ಅಗುಳಿನಿಂದ ಅಂಟಿಸಿ ಓದಿದೆ. ನೀತಿಯ ಪ್ರಶ್ನೆಗೆ ಅವಳು ಬರೆದದ್ದರಲ್ಲಿ ನನ್ನ ನೋಟ್ಸಿನ ಒಂದಕ್ಷರವೂ ಇರಲಿಲ್ಲ.

'ಕಲಾಯಿಯವನನ್ನು ನೆನೆದು ಎಲ್ಲರಿಗೂ ಪಾಪ ಅನಿಸುತ್ತದೆ. ನನಗೆ ಪುಟ್ಟಿಯನ್ನು ನೆನೆದರೆ ಹೆಚ್ಚು ಪಾಪ ಅನಿಸುತ್ತದೆ. ಅವಳಿಗೆ ತಾತನೂ ಬೇಕು, ಕಲಾಯಿಯವನೂ ಬೇಕು. ತಾತ ತನ್ನ ಮಾತನ್ನು ಅವಳ ಬಾಯಿಗೆ ಇಟ್ಟ. ಆಮೇಲೆ ಅದು ಅವಳದೇ ಮಾತಾಯಿತು. ಅದನ್ನು ಹೊತ್ತುಕೊಂಡು ಅವಳು ಬೆಳೆಯಬೇಕಾಯಿತು.'

ನಾನು ಪೆನ್ನು ಕೆಳಗಿಟ್ಟೆ. ಚೀಟಿ ಇಟ್ಟುಕೊಂಡು ಬಂದವಳು ಅದರ ಒಂದು ಸಾಲನ್ನಾದರೂ ಬರೆಯುತ್ತಿರಲಿಲ್ಲವೇ? ಚೀಟಿಯನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಅಕ್ಷರವೂ ಬೇರೆ. ಪರೀಕ್ಷೆಯ ದಿನ ಇಷ್ಟನ್ನೂ ನಾನು ಹೋಲಿಸಿ ನೋಡಿರಲಿಲ್ಲ. ಅಂಗಳದಲ್ಲಿ ಬಿಸಿಲು ಏರುತ್ತಿತ್ತು. ಹೆಂಡತಿ ತಿಂಡಿಗೆ ಎರಡು ಸಲ ಕರೆದಳಂತೆ, ನನಗೆ ಕೇಳಲೇ ಇಲ್ಲ.

ಸೋಮವಾರ ಶೈಲಜಳನ್ನು ಹುಣಸೆಮರದ ಕೆಳಗೆ ಕರೆದು ಕೇಳಿದೆ.

"ಅವತ್ತು ನೀನು ಏನು ನೋಡಿದೆ ಶೈಲಜ?"

"ಏನೂ ನೋಡ್ಲಿಲ್ಲ ಸಾ. ಬರೀತಾ ಇದ್ದೆ."

"ಮತ್ತೆ ಹೂಂ ಅಂದೆಯಲ್ಲಮ್ಮ?"

ಅವಳು ನೆಲ ನೋಡುತ್ತಾ, "ನೀವು ಹಂಗೆ ಕೇಳಿದ್ರಲ್ಲ ಸಾ," ಅಂದಳು.

ಆ ಮಾತು ಕೇಳಿ ನಾನು ಕೂಡಲೇ ಪದ್ಮಳ ಮನೆಗೆ ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ನಾನು ಹೋಗಲಿಲ್ಲ. ಮೊದಲು ಹೋದದ್ದು ಹೆಡ್ ಮಾಸ್ಟರ ಕೋಣೆಗೆ. ಅವರು ಎಲ್ಲವನ್ನೂ ಕೇಳಿ, "ಆಗಿದ್ದು ಆಗೋಯ್ತು ಬಿಡ್ರೀ. ಈಗ ನಾವೇ ತಪ್ಪು ಮಾಡಿದ್ವಿ ಅಂದ್ರೆ ನಾಳೆ ಮಕ್ಕಳು ನಮ್ಮ ಮಾತು ಕೇಳ್ತಾವಾ?" ಅಂದರು. ನನಗೂ ಒಳಗೊಳಗೇ ಅದೇ ಬೇಕಾಗಿತ್ತು. ನಾಲ್ಕು ದಿನ ಸುಮ್ಮನಿದ್ದೆ. ಆ ನಾಲ್ಕು ದಿನವೂ ಬಸ್ಸು ಇಳಿದು, ಸುಬ್ಬಣ್ಣನ ಬೀದಿ ತಪ್ಪಿಸಿ, ಸುತ್ತುಹಾದಿಯಲ್ಲಿ ಶಾಲೆಗೆ ಹೋದೆ. ಹೊಸ ಮೇಷ್ಟ್ರುಗಳೇ, ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ನಾಚಿಕೆಯಾಗುವುದು ಈ ನಾಲ್ಕು ದಿನಗಳನ್ನು ನೆನೆದಾಗ. ತಪ್ಪು ಮಾಡಿದ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ. ಈ ನಾಲ್ಕು ದಿನ ಗೊತ್ತಿತ್ತು.

ಐದನೆಯ ದಿನ ಅದೇ ಬೀದಿಯ ಹುಡುಗಿಯೊಬ್ಬಳು, "ಪದ್ಮಾಗೆ ಹಿಂದೂಪುರದ ಕಡೆಯಿಂದ ಗಂಡು ಬಂದೈತಂತೆ ಸಾ, ಇನ್ ಸ್ಕೂಲಿಗೆ ಬರಲ್ಲಂತೆ," ಎಂದು ಹೇಳಿದಳು. ಸಂಜೆ ಗಂಟೆ ಹೊಡೆದದ್ದೇ ಸುಬ್ಬಣ್ಣನ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಎರಡೂ ಓಡುತ್ತಿದ್ದವು. ಮೂಲೆಯಲ್ಲಿ ಪದ್ಮ ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಸುಬ್ಬಣ್ಣ ನನ್ನನ್ನು ನೋಡಿದ. ಮಗ್ಗ ನಿಲ್ಲಿಸಲಿಲ್ಲ.

"ಸುಬ್ಬಣ್ಣ, ತಪ್ಪು ನಂದು!" ಎಂದೆ.

"ಏನ್ಸಾ? ಕೇಳ್ತಿಲ್ಲ!"

"ಪದ್ಮಂದು ತಪ್ಪಿಲ್ಲ! ತಪ್ಪು ಮಾಡಿದ್ದು ನಾನು!" ಎಂದು ಕೂಗಿದೆ. ಅವನು ಕಿವಿಗೆ ಕೈ ಹಿಡಿದ. ಮತ್ತೂ ಜೋರಾಗಿ ಕೂಗಿದೆ. ಹಾಗೆ ಕೂಗುವುದು ಸುಲಭವಾಗಿತ್ತು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಪದ್ಮ ಎದ್ದು ಹೋಗಿ ಎರಡೂ ಮೋಟರಿನ ಸ್ವಿಚ್ಚು ಆರಿಸಿದಳು. ಪಕ್ಕದ ಮನೆಗಳ ಸದ್ದು ದೂರದಲ್ಲೆಲ್ಲೋ ಇದ್ದ ಹಾಗೆ ಕೇಳತೊಡಗಿತು. ಈಗ ಅದೇ ಮಾತನ್ನು ಮೆಲ್ಲಗೆ ಹೇಳಬೇಕಾಗಿತ್ತು. ಚೀಟಿ ಅವಳದಲ್ಲ ಎಂದೂ, ಶೈಲಜ ಏನೂ ನೋಡಿರಲಿಲ್ಲ ಎಂದೂ, ನಾನು ಕೇಳಿದ ರೀತಿಗೆ ಅವಳು ಹೂಂ ಅಂದಳೆಂದೂ ಹೇಳಿ ಮುಗಿಸಿದೆ.

ಸುಬ್ಬಣ್ಣ ಮಗ್ಗದ ಮೇಲಿದ್ದ ಸೀರೆಯ ನೂಲಿನ ಗಂಟೊಂದನ್ನು ಉಗುರಿನಿಂದ ಬಿಡಿಸುತ್ತಿದ್ದ. ಆಮೇಲೆ, "ಇದನ್ನ ನನ್ ಮನೇಲಿ ಬಂದು ಯಾಕೆ ಹೇಳ್ತೀರಿ ಸಾ? ನನ್ ಮಗಳ್ನ ನಿಲ್ಸಿದ್ದು ಪ್ರೇಯರ್‌ನಲ್ಲಿ. ಅಲ್ಲೇ ಹೇಳಿ," ಅಂದ.

"ಹೇಳ್ತೀನಿ ಸುಬ್ಬಣ್ಣ. ನಾಳೇನೇ ಹೇಳ್ತೀನಿ."

"ಬ್ಯಾಡ ಸಾ," ಅಂದಳು ಪದ್ಮ. ಅವಳ ದನಿ ಅಷ್ಟು ದಿನಗಳ ಮೇಲೆ ಕೇಳಿದೆ. "ಅಲ್ಲಿ ಹೇಳಿದ್ರೆ ಎಲ್ರೂ ಶೈಲಜಾನ ಆಡ್ಕೋತಾರೆ. ಸುಳ್ಳಿ ಅಂತಾರೆ. ಅವಳು ಪಾಪ, ಹೆದರ್ಕೊಂಡು ಹಂಗಂದ್ಳು."

ಸುಬ್ಬಣ್ಣ ಮಗಳ ಕಡೆ ತಿರುಗಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಏನಾಯಿತೆಂದು ಹೇಗೆ ಹೇಳಲಿ? ಎಷ್ಟು ಸಲ ಸಹಾನುಭೂತಿಯ ಆ ಐದು ಸಾಲುಗಳನ್ನು ಬರೆಸಿದ್ದೆ. ಅವಳು ಅದನ್ನು ಬರೆದುಕೊಂಡಿದ್ದಳೋ ಇಲ್ಲವೋ ತಿಳಿಯದು. ನನ್ನ ತಲೆ ತಾನಾಗಿ ಬಾಗಿತು.

"ಶೈಲಜ ಹೆಸರು ಎತ್ತಲ್ಲಮ್ಮ. ಅವಳು ಹೇಳಿದ್ದನ್ನ ಹೇಳಲ್ಲ, ನಾನು ಕೇಳಿದ್ದನ್ನ ಹೇಳ್ತೀನಿ," ಎಂದೆ.

ಮರುದಿನ ಪ್ರೇಯರ್ ಮುಗಿದ ಮೇಲೆ, ಹೆಡ್ ಮಾಸ್ಟರ ಅಪ್ಪಣೆ ಕೇಳದೆ, ಮುಂದೆ ಬಂದು ನಿಂತೆ. "ಪದ್ಮ ಕಾಪಿ ಹೊಡೆದಿಲ್ಲ. ಚೀಟಿ ಯಾರದು ಅಂತ ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂದುಕೊಂಡೆ. ಕೇಳಬಾರದ ರೀತಿಯಲ್ಲಿ ಕೇಳಿ, ನನಗೆ ಬೇಕಾದ ಉತ್ತರವನ್ನ ನಾನೇ ಹೇಳಿಸಿಕೊಂಡೆ. ತಪ್ಪು ನನ್ನದು," ಎಂದೆ. ಪದ್ಮ ಅಲ್ಲಿರಲಿಲ್ಲ. ಆದರೆ ಗೋಡೆಯಾಚೆ ಸುಬ್ಬಣ್ಣನ ತಲೆ ಕಾಣುತ್ತಿತ್ತು.

ಮಧ್ಯಾಹ್ನವೇ ನನಗೆ ಮೆಮೋ ಬಂತು. ಅದಕ್ಕೆ ಸಮಜಾಯಿಷಿ ಬರೆದು ಕೊಟ್ಟಾಗ ರುದ್ರಪ್ಪನವರು ಓದದೆ ಮಡಿಸಿ ಡ್ರಾಯರಿಗೆ ಹಾಕಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾನು ಎಷ್ಟು ಮಕ್ಕಳನ್ನ ಹಂಗೆ ನಿಲ್ಲಿಸಿದೀನೋ ಗಂಗಾಧರಯ್ಯ, ಲೆಕ್ಕ ಇಟ್ಟಿಲ್ಲ," ಅಂದರು. ಆಮೇಲೆ ಅವರೇ, ಆ ಹುಡುಗಿ ಬಂದರೆ ಸ್ಟಾಫ್ ರೂಮಿನಲ್ಲಿ ಕೂರಿಸಿ ಪರೀಕ್ಷೆ ಬರೆಸಿ ಎಂದು ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಚೀಟಿ ಯಾರದೆಂದು ಆಮೇಲೆ ಅವರೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ.

ಪದ್ಮ ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಬಂದಳು. ಹಿಂದೂಪುರದವರಿಗೆ ಸುಬ್ಬಣ್ಣ, ಹುಡುಗಿ ಓದ್ತಾ ಅವಳೆ, ಈಗ ಬೇಡ ಎಂದು ಹೇಳಿ ಕಳಿಸಿದನಂತೆ. ಅವಳು ಎಸ್ಸೆಸ್ಸೆಲ್ಸಿ ಪಾಸಾದಳು, ಟೀಚರ್ ಟ್ರೈನಿಂಗ್ ಮಾಡಿದಳು, ದೇವನಹಳ್ಳಿ ಕಡೆ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನಾನು ಮುಂದೆ ನೆಲಮಂಗಲದ ಕಡೆಗೆ ವರ್ಗವಾದೆ. ಆ ಕಾದಂಬರಿ ಪಠ್ಯದಿಂದ ಹೋಯಿತು. ಗೈಡುಗಳು ಬಂದವು, ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳು ಬಂದವು. ನಾನು ಮಾತ್ರ ಪದ್ಮ ಮರಳಿ ಬಂದ ವರ್ಷದಿಂದಲೇ ನೀತಿ ಬರೆಸುವುದನ್ನು ನಿಲ್ಲಿಸಿದ್ದೆ.

ಅದು ನಿಂತ ದಿನವನ್ನು ಹೇಳಿ ಮುಗಿಸುತ್ತೇನೆ. ಪದ್ಮ ಬಂದು ವಾರವಾಗಿತ್ತು. ಶೈಲಜ ಅವಳ ಪಕ್ಕ ಕೂರುವುದನ್ನು ಬಿಟ್ಟು ಕೊನೆಯ ಬೆಂಚಿಗೆ ಹೋಗಿದ್ದಳು. ಯಾರ ಜೊತೆಗೂ ಮಾತಿಲ್ಲ. ಊಟದ ಡಬ್ಬಿಯನ್ನೂ ಗೋಡೆಗೆ ಮುಖ ಮಾಡಿ ತೆರೆಯುತ್ತಿದ್ದಳು. ಕರೆದು ಸಮಾಧಾನ ಹೇಳಲು ಎರಡು ಸಲ ನೋಡಿದೆ, ನನ್ನ ನೆರಳು ಕಂಡರೇ ಅವಳು ಮುದುಡುತ್ತಿದ್ದಳು. ಆ ಮಧ್ಯಾಹ್ನ ನಾನು ಹೊಸ ಪಾಠ ತೆಗೆಯದೆ, ಮುಗಿದುಹೋಗಿದ್ದ ಕಾದಂಬರಿಯನ್ನೇ ಮತ್ತೆ ತೆಗೆದು, ತಾತ ಮೊಮ್ಮಗಳನ್ನು ಕೇಳುವ ಪುಟವನ್ನು ಓದಿದೆ. ಓದಿ, "ತಾತನ ಜಾಗದಲ್ಲಿ ನೀವಿದ್ದಿದ್ರೆ ಪುಟ್ಟೀನ ಹೇಗೆ ಕೇಳ್ತಿದ್ರಿ?" ಎಂದೆ.

ಇಂಥ ಪ್ರಶ್ನೆಗೆ ನೋಟ್ಸಿನಲ್ಲಿ ಉತ್ತರವಿರಲಿಲ್ಲ. ಆದರೂ ಒಬ್ಬೊಬ್ಬರಾಗಿ ಎದ್ದರು.

"ಲೋಟ ಎಲ್ಲೈತೆ ಪುಟ್ಟಿ, ನಿಂಗೇನಾದ್ರೂ ಗೊತ್ತಾ ಅಂತ ಕೇಳ್ತಿದ್ದೆ ಸಾ."

"ಅವನು ಬಂದಾಗಿಂದ ನೀನು ಏನೇನ್ ನೋಡ್ದೆ ಹೇಳು ಅಂತಿದ್ದೆ."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನವ್ವ, ಯಾರೂ ಬಯ್ಯಲ್ಲ ಅಂತ ಮೊದ್ಲು ಹೇಳ್ತಿದ್ದೆ."

ಪದ್ಮ ಕೇಳುತ್ತಾ ಕೂತಿದ್ದಳು. ಪೀರಿಯಡ್ಡು ಮುಗಿಯುತ್ತಾ ಬಂದಿತ್ತು. ಆಗ ಕೊನೆಯ ಬೆಂಚಿನಲ್ಲಿ ಶೈಲಜ ಎದ್ದು ನಿಂತಳು. ನಾನು ಕರೆದಿರಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನಾನು ಏನೂ ಕೇಳ್ತಿರ್ಲಿಲ್ಲ ಸಾ," ಅಂದಳು. "ಅಷ್ಟು ಜನದ ಮುಂದೆ ಮಗೂನ ನಿಲ್ಲಿಸ್ಬಾರ್ದು. ಒಳಗೆ ಕರ್ಕೊಂಡು ಹೋಗಿ ಮಡ್ಲಲ್ಲಿ ಕೂರಿಸ್ಕೊತಿದ್ದೆ. ಅದೇ ಯಾವಾಗ ಹೇಳ್ಬೇಕು ಅನ್ಸುತ್ತೋ ಆವಾಗ ಹೇಳ್ಲಿ."

ಹೇಳಿ ಅವಳು ಕೂರಲೂ ಇಲ್ಲ, ಅಳಲೂ ಇಲ್ಲ, ಹಾಗೇ ನಿಂತಿದ್ದಳು. ಮಕ್ಕಳೆಲ್ಲ ಹಿಂತಿರುಗಿ ನೋಡುತ್ತಿದ್ದರು. ಅಷ್ಟರಲ್ಲಿ ಮುಂದಿನಿಂದ ಎರಡನೇ ಬೆಂಚಿನಲ್ಲಿ ಪದ್ಮ ತನ್ನ ಪುಸ್ತಕದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಕಡೆಗೆ ಸರಿದು ಜಾಗ ಮಾಡಿದಳು.

"ಬಾರೇ," ಅಂದಳು.